ನ್ಯಾಕ್ ಗ್ರೇಡ್ ಒಂದೇ, ಶುಲ್ಕ ಐದು ಪಟ್ಟು: ಬಿಬಿಎ ಕಾಲೇಜು ಆರಿಸುವಾಗ ಫಾರ್ವರ್ಡ್ ಮೆಸೇಜ್ ಹೇಳದ ಲೆಕ್ಕ

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ಮನೆಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಮೆಸೇಜ್ ಸುತ್ತಲು ಶುರುವಾಗುತ್ತದೆ. ‘ಬೆಂಗಳೂರಿನ ಟಾಪ್ 10 ಬಿಬಿಎ ಕಾಲೇಜುಗಳು’, ‘ನ್ಯಾಕ್ ಎ+’, ‘100% ಪ್ಲೇಸ್‌ಮೆಂಟ್’, ‘ಗರಿಷ್ಠ ಪ್ಯಾಕೇಜ್ ಇಷ್ಟು ಲಕ್ಷ’, ಕೊನೆಯಲ್ಲಿ ಒಂದು ಮೊಬೈಲ್ ನಂಬರ್, ‘ಕೆಲವೇ ಸೀಟುಗಳು ಬಾಕಿ’. ಪಟ್ಟಿ ಮಾಡಿದವರು ಯಾರು, ಯಾವ ವರ್ಷದ್ದು, ಹತ್ತನೇ ಸ್ಥಾನದಲ್ಲಿರುವ ಕಾಲೇಜಿಗೂ ಪಟ್ಟಿಗೆ ಸೇರದ ಕಾಲೇಜಿಗೂ ಏನು ವ್ಯತ್ಯಾಸ ಎಂಬ ಮಾಹಿತಿ ಮಾತ್ರ ಇರುವುದಿಲ್ಲ. ಕೊನೆಯಲ್ಲಿರುವ ನಂಬರ್ ಹೆಚ್ಚಾಗಿ ಕಾಲೇಜಿನದ್ದಲ್ಲ, ಸೀಟು ತುಂಬಿಸಿಕೊಟ್ಟರೆ ಕಮಿಷನ್ ಪಡೆಯುವ ಕನ್ಸಲ್ಟೆನ್ಸಿಯದ್ದು.

ಇಂಥ ಮೆಸೇಜ್‌ನಲ್ಲಿ ಬರುವ ಒಂದೊಂದು ಮಾತೂ ಸುಳ್ಳಾಗಿರಬೇಕೆಂದೇನಿಲ್ಲ. ಹಲವು ಬಾರಿ ಪ್ರತಿ ಮಾತೂ ನಿಜವೇ ಆಗಿದ್ದು, ಒಟ್ಟಾರೆ ದಾರಿ ತಪ್ಪಿಸುತ್ತದೆ. ತೊಂದರೆ ಇರುವುದು ಅಲ್ಲೇ. ತೀರಾ ಒಳ್ಳೆಯ ಮತ್ತು ತೀರಾ ಕೆಟ್ಟ ಕಾಲೇಜಿನ ನಡುವೆ ಆರಿಸುವುದು ಯಾರಿಗೂ ಕಷ್ಟವಲ್ಲ. ಎರಡು ಕಾಲೇಜುಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದಾಗ ಕಷ್ಟ ಶುರು. ಆಗ ಸಣ್ಣ ವ್ಯತ್ಯಾಸವನ್ನು ದೊಡ್ಡದಾಗಿ ತೋರಿಸಿ, ದೊಡ್ಡ ವ್ಯತ್ಯಾಸವನ್ನು ಮರೆಮಾಚುವುದು ಸುಲಭ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಕಾಲ್ಪನಿಕವೇ ಆದರೂ ಅಂಕಿಗಳು ಅಸಹಜವೇನಲ್ಲ. ಹಾಸನದ ಬಳಿಯ ಊರಿನ ಹುಡುಗಿ. ಹಾಸನದ ಕಾಲೇಜಿನಲ್ಲಿ ಬಿಬಿಎ ಶುಲ್ಕ ವರ್ಷಕ್ಕೆ ₹35,000, ಮನೆಯಿಂದಲೇ ಓಡಾಡಬಹುದು. ಬೆಂಗಳೂರಿನ ಕಾಲೇಜಿನಲ್ಲಿ ವರ್ಷಕ್ಕೆ ₹1,80,000, ಜೊತೆಗೆ ಪಿಜಿ ವಾಸ. ಎರಡಕ್ಕೂ ನ್ಯಾಕ್ ಎ ಗ್ರೇಡ್ ಇದೆ. ಅಪ್ಪ ಬ್ಯಾಂಕಿಗೆ ಹೋಗಿ ಸಾಲದ ಅರ್ಜಿ ತಂದಿದ್ದಾರೆ. ಬೆಂಗಳೂರಿನ ಕಾಲೇಜು ನಿಜಕ್ಕೂ ಅಷ್ಟು ಬೆಲೆ ಬಾಳುತ್ತದೆಯೇ?

ಮೊದಲು, ಡಿಗ್ರಿ ಕೊಡುವವರು ಯಾರು?

ಭಾರತದಲ್ಲಿ ಪದವಿ ಕೊಡುವ ಅಧಿಕಾರ ಕಾಲೇಜಿಗಿಲ್ಲ. 1956ರ ಯುಜಿಸಿ ಕಾಯ್ದೆಯ ಪ್ರಕಾರ ಕೇಂದ್ರ ಅಥವಾ ರಾಜ್ಯದ ಕಾನೂನಿನಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಪದವಿ ಕೊಡಬಹುದು. ಕರ್ನಾಟಕದ ಬಹುಪಾಲು ಬಿಬಿಎ, ಬಿಕಾಂ ಕಾಲೇಜುಗಳು ಯಾವುದಾದರೂ ರಾಜ್ಯ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿರುತ್ತವೆ. ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಪದವಿ ಪ್ರಮಾಣಪತ್ರ ಎಲ್ಲವೂ ವಿಶ್ವವಿದ್ಯಾಲಯದ್ದೇ. ಹೀಗಾಗಿ ಒಂದೇ ವಿಶ್ವವಿದ್ಯಾಲಯದಡಿ ಇರುವ ₹35,000ದ ಕಾಲೇಜು ಮತ್ತು ₹1 ಲಕ್ಷದ ಕಾಲೇಜಿನ ಮಕ್ಕಳು ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ ಬರೆದು ಒಂದೇ ಪದವಿ ಪಡೆಯುತ್ತಾರೆ. ಸ್ವಾಯತ್ತ ಕಾಲೇಜುಗಳು ಪಠ್ಯವನ್ನೂ ಪರೀಕ್ಷೆಯನ್ನೂ ತಾವೇ ರೂಪಿಸಿಕೊಳ್ಳುತ್ತವೆ, ಆದರೂ ಪದವಿ ಬರುವುದು ವಿಶ್ವವಿದ್ಯಾಲಯದಿಂದಲೇ.

‘ಬೆಂಗಳೂರು ವಿವಿಯೇ ಬೆಸ್ಟ್, ನಗರ ವಿವಿ ಬೇಡ’ ಎಂಬಂಥ ಸಲಹೆಗಳೂ ಓಡಾಡುತ್ತವೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯವನ್ನು 2017ರಲ್ಲಿ ಮೂರಾಗಿ ವಿಭಜಿಸಲಾಯಿತು. ಈಗಿನ ಬೆಂಗಳೂರು ನಗರ ವಿವಿ ಮತ್ತು ಉತ್ತರ ವಿವಿ ಹುಟ್ಟಿದ್ದು ಹಾಗೆ. ಕಾಲೇಜುಗಳನ್ನು ಹಂಚಿದ್ದು ಪ್ರದೇಶದ ಆಧಾರದ ಮೇಲೆ, ಗುಣಮಟ್ಟ ನೋಡಿ ಅಲ್ಲ. ಅದೇ ಕಾಲೇಜು, ಅದೇ ಮೇಷ್ಟ್ರು. ಅಂಕಪಟ್ಟಿಯ ಮೇಲಿನ ಹೆಸರು ಮಾತ್ರ ಬದಲಾಯಿತು. ಎರಡು ರಾಜ್ಯ ವಿಶ್ವವಿದ್ಯಾಲಯಗಳ ಹೆಸರಿನ ನಡುವೆ ತಲೆಕೆಡಿಸಿಕೊಂಡು ಕೂರುವ ಅಗತ್ಯ ಹೆಚ್ಚಿನವರಿಗೆ ಇಲ್ಲ. ಯುಜಿಸಿ ತನ್ನ ಜಾಲತಾಣದಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ನಮ್ಮ ಬೆಳಗಾವಿ ಜಿಲ್ಲೆ ಗೋಕಾಕದ ವಿಳಾಸದ ಒಂದು ಸಂಸ್ಥೆ ಅದರಲ್ಲಿ ವರ್ಷಗಟ್ಟಲೆ ಇತ್ತು. ಕೇಳರಿಯದ ಹೆಸರಾದರೆ ಆ ಪಟ್ಟಿಯನ್ನು ಒಮ್ಮೆ ನೋಡಿ.

‘ಎಐಸಿಟಿಇ ಅನುಮೋದನೆ ಇಲ್ಲದ ಬಿಬಿಎ ಅಮಾನ್ಯ’ ಎಂಬ ಮೆಸೇಜ್‌ನಲ್ಲಿ ಅರ್ಧ ಸತ್ಯವಿದೆ. 2024-25ರಿಂದ ಬಿಬಿಎ, ಬಿಸಿಎ ಕೋರ್ಸ್‌ಗಳು ಎಐಸಿಟಿಇ ವ್ಯಾಪ್ತಿಗೆ ಬಂದಿರುವುದು ನಿಜ. ಸಂಯೋಜಿತ ಕಾಲೇಜಾದರೆ ಅನುಮೋದನೆ ಪತ್ರ ಕೇಳಿ ನೋಡಬೇಕು. ಆದರೆ ಕಾನೂನಿನ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಎಐಸಿಟಿಇಯ ಪೂರ್ವಾನುಮತಿ ಪಡೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಭಾರತಿದಾಸನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿದೆ. ಅನುಮೋದನೆ ಎಂದರೆ ಕನಿಷ್ಠ ಮಟ್ಟ ಮುಟ್ಟಿದೆ ಎಂದಷ್ಟೇ ಅರ್ಥ, ರ್‍ಯಾಂಕ್ ಅಲ್ಲ. ಬಿಕಾಂಗೆ ಇದು ಅನ್ವಯಿಸುವುದೇ ಇಲ್ಲ.

ಎ, ಎ+ ನಡುವೆ ಎಷ್ಟು ದೂರ?

ನ್ಯಾಕ್ 1994ರಲ್ಲಿ ಶುರುವಾದ ಸಂಸ್ಥೆ, ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. 4 ಅಂಕದ ಮಾಪನದಲ್ಲಿ 3.01ರಿಂದ 3.25 ಬಂದರೆ ಎ, 3.26ರಿಂದ 3.50 ಬಂದರೆ ಎ+, ಅದಕ್ಕಿಂತ ಮೇಲೆ ಎ++. ಅಂದರೆ 3.25 ಪಡೆದ ಕಾಲೇಜು ಎ, 3.26 ಪಡೆದದ್ದು ಎ+. ನಡುವೆ ಇರುವುದು 0.01. ಜಾಹೀರಾತು ಫಲಕದಲ್ಲಿ ಮಾತ್ರ ಅದು ಒಂದು ಇಡೀ ಅಕ್ಷರದಷ್ಟು ದೊಡ್ಡದು. ಗ್ರೇಡ್ ಸಿಗುವುದು ಇಡೀ ಸಂಸ್ಥೆಗೆ, ಬಿಬಿಎ ವಿಭಾಗಕ್ಕಲ್ಲ. ವಿಜ್ಞಾನ ವಿಭಾಗದ ಸಂಶೋಧನೆಯಿಂದ ಬಂದ ಅಂಕವೂ ಅದರೊಳಗೆ ಸೇರಿರುತ್ತದೆ. ಸಾಮಾನ್ಯವಾಗಿ ಐದು ವರ್ಷಕ್ಕೆ ಅವಧಿ ಮುಗಿಯುತ್ತದೆ, ಬೋರ್ಡು ಮುಗಿಯುವುದಿಲ್ಲ! 2025ರ ಫೆಬ್ರುವರಿಯಲ್ಲಿ ಆಂಧ್ರದ ಒಂದು ಸಂಸ್ಥೆಗೆ ಉತ್ತಮ ಗ್ರೇಡ್ ಕೊಡಲು ಲಂಚ ಪಡೆದ ಆರೋಪದಲ್ಲಿ ನ್ಯಾಕ್ ತಪಾಸಣಾ ತಂಡದ ಸದಸ್ಯರೂ ಸೇರಿ ಹಲವರನ್ನು ಸಿಬಿಐ ಬಂಧಿಸಿದ ಸುದ್ದಿ ನಿಮಗೆ ನೆನಪಿರಬಹುದು. ಅದರಿಂದ ಎಲ್ಲ ಗ್ರೇಡೂ ಸುಳ್ಳೆಂದಾಗುವುದಿಲ್ಲ. ಎ ಮತ್ತು ಎ+ ನಡುವೆ ₹5 ಲಕ್ಷ ಹೆಚ್ಚು ಕಟ್ಟಲು ಅದೊಂದೇ ಕಾರಣವಾಗಬಾರದು ಅಷ್ಟೆ.

ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ್‍ಯಾಂಕ್ 2016ರಿಂದ ಬರುತ್ತಿದೆ. ಅದರಲ್ಲಿ ‘ಮ್ಯಾನೇಜ್‌ಮೆಂಟ್’ ಎಂಬ ಪಟ್ಟಿ ನೋಡಿ ಬಿಬಿಎಗೆ ಸೇರುವವರಿದ್ದಾರೆ. ಆ ಪಟ್ಟಿಯ ಮೇಲ್ತುದಿಯಲ್ಲಿರುವವು ಐಐಎಂಗಳು. ಅದು ಮುಖ್ಯವಾಗಿ ಎಂಬಿಎ ಮಟ್ಟದ ಸಂಸ್ಥೆಗಳ ಹೋಲಿಕೆ. ಬಿಬಿಎಗೆಂದೇ ಪ್ರತ್ಯೇಕ ಎನ್‌ಐಆರ್‌ಎಫ್ ಪಟ್ಟಿ ಇಲ್ಲ. ‘ಬಿಬಿಎಯಲ್ಲಿ ಎನ್‌ಐಆರ್‌ಎಫ್ ನಂ. 1’ ಎಂದು ಯಾರಾದರೂ ಕಳಿಸಿದರೆ ಅಲ್ಲಿಗೇ ನಿಲ್ಲಿಸಿ.

ರ್‍ಯಾಂಕನ್ನು ಬದಿಗಿಟ್ಟರೂ ಎನ್‌ಐಆರ್‌ಎಫ್‌ನಿಂದ ನಮಗೆ ಒಂದು ದೊಡ್ಡ ಉಪಕಾರವಿದೆ. ಭಾಗವಹಿಸುವ ಸಂಸ್ಥೆಗಳು ಸಲ್ಲಿಸಿದ ದತ್ತಾಂಶವನ್ನು ತಮ್ಮ ಜಾಲತಾಣದಲ್ಲೂ ಹಾಕಬೇಕು. ಕಾಲೇಜಿನ ಜಾಲತಾಣದ ಕೆಳಗಡೆ ಎಲ್ಲೋ ‘ಎನ್‌ಐಆರ್‌ಎಫ್’ ಎಂಬ ಲಿಂಕ್ ಇರುತ್ತದೆ. ಆ ಪಿಡಿಎಫ್‌ನಲ್ಲಿ ಮೂರು ವರ್ಷದ ಪದವಿಗೆ ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮಧ್ಯಾಂಕ ಸಂಬಳ ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬುದೆಲ್ಲ ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಬಿಎ, ಬಿಎಸ್ಸಿ, ಬಿಕಾಂ, ಬಿಬಿಎ ಎಲ್ಲ ಸೇರಿದ ಲೆಕ್ಕ ಅದು, ಅಂಕಿಗಳನ್ನು ಕೊಟ್ಟದ್ದೂ ಕಾಲೇಜೇ. ಆ ಎರಡು ಮಿತಿ ನೆನಪಿಟ್ಟುಕೊಂಡರೂ, ಫಾರ್ವರ್ಡ್ ಮೆಸೇಜ್‌ಗಿಂತ ಎಷ್ಟೋ ಪಾಲು ಮೇಲು.

100% ಪ್ಲೇಸ್‌ಮೆಂಟ್ ಹೇಗೆ ಹುಟ್ಟುತ್ತದೆ?

ಶಾಲೆಯಲ್ಲಿ ಕಲಿತ ಅಂಶ, ಛೇದ ಇಲ್ಲಿ ಕೆಲಸಕ್ಕೆ ಬರುತ್ತವೆ. ತರಗತಿಯಲ್ಲಿ 180 ಮಂದಿ ಇದ್ದಾರೆ ಎನ್ನಿ. ಪ್ಲೇಸ್‌ಮೆಂಟ್‌ಗೆ ಹೆಸರು ಕೊಡಲು ಇಷ್ಟು ಅಂಕ ಇರಬೇಕು, ಬ್ಯಾಕ್‌ಲಾಗ್ ಇರಬಾರದು, ಹಾಜರಾತಿ ಇಷ್ಟಿರಬೇಕು ಎಂಬ ನಿಯಮ ಮಾಡುತ್ತಾರೆ. 90 ಮಂದಿ ಉಳಿಯುತ್ತಾರೆ. ಅವರಲ್ಲಿ 81 ಮಂದಿಗೆ ಆಫರ್ ಬಂದರೆ ‘90% ಪ್ಲೇಸ್‌ಮೆಂಟ್’. ಇಡೀ ತರಗತಿಯ ಲೆಕ್ಕದಲ್ಲಿ ಅದು ಶೇ 45. ಒಬ್ಬರಿಗೇ ಎರಡು ಆಫರ್ ಬಂದದ್ದನ್ನು ಎರಡು ಎಂದು ಎಣಿಸಿದರೆ ಸಂಖ್ಯೆ ಇನ್ನೂ ಉಬ್ಬುತ್ತದೆ. ಸ್ಟೈಪೆಂಡ್ ಮಾತ್ರ ಇರುವ ಇಂಟರ್ನ್‌ಶಿಪ್ಪನ್ನೂ ಸೇರಿಸಿದರೆ ನೂರು ಮುಟ್ಟುವುದು ಕಷ್ಟವೇನಲ್ಲ.

ಪ್ಯಾಕೇಜ್ ವಿಷಯವೂ ಹಾಗೆಯೇ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ವರ್ಷಕ್ಕೆ ₹3 ಲಕ್ಷ, ಒಬ್ಬನಿಗೆ ₹30 ಲಕ್ಷ ಸಿಕ್ಕಿದರೆ ಸರಾಸರಿ ₹5.7 ಲಕ್ಷ. ಗರಿಷ್ಠ ₹30 ಲಕ್ಷ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವಿನವರನ್ನು ಕೇಳಿದರೆ, ಅಂದರೆ ಮಧ್ಯಾಂಕ ನೋಡಿದರೆ, ₹3 ಲಕ್ಷ. ನಿಮ್ಮ ಮಗಳು ಅಥವಾ ತಮ್ಮ ಬಹುಶಃ ನಿಲ್ಲುವುದು ಆ ಒಂಬತ್ತು ಮಂದಿಯ ನಡುವೆ. ಆದ್ದರಿಂದ ಕಾಲೇಜಿಗೆ ಕೇಳಬೇಕಾದ ಪ್ರಶ್ನೆ ಇದು: ‘ಕಳೆದ ವರ್ಷ ಬಿಬಿಎ ಕೊನೆಯ ಸೆಮಿಸ್ಟರ್‌ನಲ್ಲಿ ಒಟ್ಟು ಎಷ್ಟು ಮಂದಿ ಇದ್ದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ನಡುವಿನ ಸಂಬಳ ಎಷ್ಟು?’ ಉತ್ತರದ ಬದಲು ಕಂಪನಿಗಳ ಲೋಗೊಗಳಿರುವ ಚಿತ್ರ ತೋರಿಸಿದರೆ ಅದೂ ಒಂದು ಉತ್ತರವೇ.

ಒಳ್ಳೆಯ ಮಕ್ಕಳಿಂದ ಕಾಲೇಜೋ, ಕಾಲೇಜಿನಿಂದ ಮಕ್ಕಳೋ?

ಒಂದು ಕಾಲೇಜಿನ ಮಕ್ಕಳು ಹೆಚ್ಚು ಸಂಪಾದಿಸುತ್ತಾರೆ ಎಂದುಕೊಳ್ಳೋಣ. ಕಾಲೇಜು ಕಲಿಸಿದ್ದರಿಂದಲೇ, ಅಥವಾ ಶೇ 95 ಅಂಕದವರನ್ನು, ಇಂಗ್ಲಿಷ್ ಮಾತಾಡುವ ಮನೆಯವರನ್ನು ಮೊದಲೇ ಆರಿಸಿಕೊಂಡಿದ್ದರಿಂದಲೇ? ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಶ್ನೆಯನ್ನು ಜಾಣತನದಿಂದ ಹಿಡಿದರು. 1976ರಲ್ಲಿ ಕಾಲೇಜು ಸೇರಿದವರಲ್ಲಿ, ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ಬಗೆಯಲ್ಲಿ ಆಯ್ಕೆಯಾದವರನ್ನು ಪರಸ್ಪರ ಹೋಲಿಸಿದರು. ಕೆಲವರು ಹೆಚ್ಚು ಹೆಸರಿನ ಕಾಲೇಜಿಗೆ ಹೋಗಿದ್ದರು, ಕೆಲವರು ಅವಕಾಶವಿದ್ದೂ ಅಷ್ಟು ಹೆಸರಿಲ್ಲದ ಕಡೆ ಸೇರಿದ್ದರು. ವರ್ಷಗಳ ನಂತರದ ಸಂಪಾದನೆಯಲ್ಲಿ ಇಬ್ಬರಿಗೂ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಒಂದು ಅಪವಾದ ಇತ್ತು: ಕಡಿಮೆ ಆದಾಯದ ಮನೆಯಿಂದ ಬಂದವರಿಗೆ ಹೆಸರಿನ ಕಾಲೇಜಿನಿಂದ ಲಾಭವಾಗಿತ್ತು.

ಭಾರತದ್ದೇ ಅಧ್ಯಯನವೂ ಇದೆ. ಅರ್ಥಶಾಸ್ತ್ರಜ್ಞೆ ಶೀತಲ್ ಸೇಖ್ರಿ 2020ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೆಸರಾಂತ ಸರ್ಕಾರಿ ಕಾಲೇಜುಗಳ ಕಟಾಫ್ ಅಂಕದ ಆಚೀಚೆ ಇದ್ದವರನ್ನು ಹೋಲಿಸಿದ್ದಾರೆ. ಅಂಕದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದು, ಒಬ್ಬರು ಒಳಗೆ, ಇನ್ನೊಬ್ಬರು ಖಾಸಗಿ ಕಾಲೇಜಿನಲ್ಲಿ. ಪದವಿ ಪರೀಕ್ಷೆಯ ಅಂಕಗಳಲ್ಲಿ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ, ಸಂಬಳ ಮಾತ್ರ ಹೆಸರಾಂತ ಕಾಲೇಜಿನವರಿಗೆ ಹೆಚ್ಚಿತ್ತು. ಅಂದರೆ ಕಲಿಕೆ ಹೆಚ್ಚದಿದ್ದರೂ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ.

ಎರಡನ್ನೂ ಒಟ್ಟಿಗೆ ಓದಿದರೆ ನಮಗೆ ಅನಿಸುವುದು ಹೀಗೆ. ಸಂದರ್ಶನ ಮಾಡುವವರು ಹೆಸರು ಕೇಳಿದೊಡನೆ ಗುರುತಿಸುವ, ಕಟಾಫ್ ತುಂಬಾ ಮೇಲಿರುವ ಕಾಲೇಜು ಸಿಕ್ಕಿದರೆ ಅದರ ಹೆಸರಿಗೆ ಬೆಲೆ ಇದೆ. ಅಂಥವು ಬೆರಳೆಣಿಕೆಯಷ್ಟು. ಅದರ ಕೆಳಗಿನ ದೊಡ್ಡ ಗುಂಪಿನಲ್ಲಿ, ಅಂದರೆ ಹೆಚ್ಚಿನ ಮನೆಗಳು ಲೆಕ್ಕ ಹಾಕುತ್ತಿರುವ ಕಾಲೇಜುಗಳ ನಡುವೆ, ಹೆಸರಿನ ವ್ಯತ್ಯಾಸ ಜಾಹೀರಾತಿನಲ್ಲೇ ಹೆಚ್ಚು. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದುತ್ತಿರುವ ಹುಡುಗಿಗೆ ಮಾತ್ರ ವಿಷಯ ಬೇರೆ. ಕಂಪನಿಯಲ್ಲಿ ಕೆಲಸ ಮಾಡುವ ಚಿಕ್ಕಪ್ಪನೋ, ಲೆಕ್ಕಪರಿಶೋಧಕರ ಕಚೇರಿಗೆ ಒಂದು ಮಾತು ಹೇಳುವ ನೆಂಟರೋ ಅವಳಿಗಿಲ್ಲ. ಆ ಸಂಪರ್ಕವನ್ನು ಕಾಲೇಜೇ ಕೊಡಬೇಕು. ಹಾಗಾದರೆ ಬೆಂಗಳೂರಿನ ಕಾಲೇಜು ಅದನ್ನು ನಿಜವಾಗಿ ಕೊಡುತ್ತದೆಯೇ, ಊರಿನ ಹೆಸರಷ್ಟೇ ಬಳಸಿಕೊಳ್ಳುತ್ತಿದೆಯೇ ಎಂದು ನೋಡಬೇಕು. ಇಂಟರ್ನ್‌ಶಿಪ್ ಕಾಲೇಜೇ ಹುಡುಕಿಕೊಡುತ್ತದೆಯೇ ಅಥವಾ ‘ಪ್ರಮಾಣಪತ್ರ ತಂದುಕೊಡಿ ಸಾಕು’ ಎನ್ನುತ್ತದೆಯೇ ಎಂದು ಮೂರನೇ ವರ್ಷದ ಮಕ್ಕಳನ್ನು ಕೇಳಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನಗರದ ಹೊರವಲಯದ ಕ್ಯಾಂಪಸ್ಸಿನಿಂದ ಕಂಪನಿಗಳಿರುವ ಕಡೆ ಬರಲು ಎರಡು ತಾಸು ಬೇಕಾದರೆ ಬೆಂಗಳೂರಿನಲ್ಲಿ ಇದ್ದೂ ಪ್ರಯೋಜನ ಕಡಿಮೆ.

ಸಾಲದ ಲೆಕ್ಕ

ಹಾಸನದ ಹುಡುಗಿಯ ಲೆಕ್ಕಕ್ಕೆ ಬರೋಣ. ಊರಿನ ಕಾಲೇಜಿಗೆ ಮೂರು ವರ್ಷಕ್ಕೆ ₹1.05 ಲಕ್ಷ. ಓಡಾಟಕ್ಕೆ ಸರ್ಕಾರಿ ಬಸ್ಸು, 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಅದು ಉಚಿತ. ಬೆಂಗಳೂರಿನಲ್ಲಿ ಶುಲ್ಕ ₹5.4 ಲಕ್ಷ. ಪಿಜಿಗೆ ತಿಂಗಳಿಗೆ ₹9,000ದಂತೆ 30 ತಿಂಗಳಿಗೆ ₹2.7 ಲಕ್ಷ. ಒಟ್ಟು ₹8.1 ಲಕ್ಷ. ಅಂತರ ₹7 ಲಕ್ಷದ ಮೇಲೆ.

ಅದರಲ್ಲಿ ₹6 ಲಕ್ಷ ಸಾಲ ಮಾಡಿದರೆ, ಶೇ 10.5 ಬಡ್ಡಿಯಲ್ಲಿ ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು ₹10,100. ಕಟ್ಟುವ ಒಟ್ಟು ಮೊತ್ತ ₹8.5 ಲಕ್ಷದ ಹತ್ತಿರ. ಓದುವ ಅವಧಿಯಲ್ಲಿ ಕಂತು ಕಟ್ಟಬೇಕಿಲ್ಲ ನಿಜ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಆ ಬಡ್ಡಿಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಮೊದಲ ಕೆಲಸದಲ್ಲಿ ಕೈಗೆ ₹25,000 ಬಂದರೆ ಅದರಲ್ಲಿ ಶೇ 40 ಕಂತಿಗೆ ಹೋಯಿತು. ಬೆಂಗಳೂರಿನ ಪದವಿಯಿಂದ ಸಂಬಳ ತಿಂಗಳಿಗೆ ಹತ್ತು ಸಾವಿರ ಹೆಚ್ಚಿದರಷ್ಟೇ ಅವಳು ಊರಿನ ಕಾಲೇಜಿನಲ್ಲಿ ಓದಿದ ಗೆಳತಿಗೆ ಸಮ. ಅದೂ ಏಳು ವರ್ಷ.

ಇನ್ನೊಂದು ವಿಷಯ. ಅವಳ ಯೋಚನೆಯಲ್ಲಿ ಎಂಬಿಎ ಇದ್ದರೆ ಲೆಕ್ಕ ಮತ್ತೂ ಬೇರೆ. ಐಐಎಂಗಳ ಕ್ಯಾಟ್ ಪರೀಕ್ಷೆಗೆ ಯಾವುದೇ ಪದವಿಯಲ್ಲಿ ಶೇ 50 (ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲರಿಗೆ ಶೇ 45) ಅಂಕ ಸಾಕು. ಬಿಬಿಎಯೇ ಆಗಬೇಕೆಂದಿಲ್ಲ, ಬೆಂಗಳೂರಿನದೇ ಆಗಬೇಕೆಂದೂ ಇಲ್ಲ. ಮುಂದೆ ಎರಡು ವರ್ಷದ ದುಬಾರಿ ಓದು ಕಾದಿರುವಾಗ ಮೊದಲ ಮೂರು ವರ್ಷದಲ್ಲೇ ಸಾಲದ ಮಿತಿ ಮುಗಿಸಿಕೊಳ್ಳುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಬದಲಿಗೆ ಮೂರು ವರ್ಷ ಮುಗಿಸಿ ನೇರ ಕೆಲಸಕ್ಕೇ ಸೇರುವುದಾದರೆ, ಮನೆಗೆ ಸಾಲದ ಹೊರೆ ತೀರಾ ಹೆಚ್ಚಲ್ಲದಿದ್ದರೆ, ಕಂಪನಿಗಳು ನಿಜವಾಗಿ ಬರುವ ಕಾಲೇಜಿಗೆ ಹೆಚ್ಚು ಕೊಡುವುದರಲ್ಲಿ ಅರ್ಥವಿದೆ.

ಹೋಗಿ ನೋಡಿದಾಗ

ಕೋರ್ಸಿನ ಹೆಸರು ನೋಡಿ ಮರುಳಾಗಬೇಡಿ. ಬಿಬಿಎ ಏವಿಯೇಷನ್, ಬಿಬಿಎ ಅನಲಿಟಿಕ್ಸ್ ಎಂದು ಬರೆದಿದ್ದರೆ, ಮೂರು ವರ್ಷದಲ್ಲಿ ಆ ವಿಷಯದ ಪತ್ರಿಕೆಗಳು ಎಷ್ಟು, ಅವನ್ನು ಕಲಿಸುವವರು ಯಾರು ಎಂದು ಕೇಳಿ. ಕೆಲವೆಡೆ ನಾಲ್ಕೈದು ಪತ್ರಿಕೆ ಬಿಟ್ಟರೆ ಉಳಿದದ್ದು ಮಾಮೂಲಿ ಬಿಬಿಎ. ‘ಬಿಕಾಂ ಜೊತೆ ಎಸಿಸಿಎ, 9 ಪತ್ರಿಕೆ ವಿನಾಯಿತಿ’ ಎನ್ನುವವರಿದ್ದಾರೆ. ಎಸಿಸಿಎಯಲ್ಲಿ ಒಟ್ಟು 13 ಪರೀಕ್ಷೆ, ಗರಿಷ್ಠ 9ಕ್ಕೆ ವಿನಾಯಿತಿ ಸಿಗಬಹುದು ಎಂಬುದು ಸರಿ. ಆದರೆ ನಿಮ್ಮ ಕಾಲೇಜಿನ ಆ ಕೋರ್ಸಿಗೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಎಸಿಸಿಎ. ಅದರ ಜಾಲತಾಣದಲ್ಲೇ ಸಂಸ್ಥೆಯ ಹೆಸರು ಹಾಕಿ ನೋಡಬಹುದು.

ಮೂರು ವರ್ಷವೋ ನಾಲ್ಕೋ ಎಂಬುದನ್ನೂ ಕೇಳಿ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದವು. ಕೆಲವು ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಇದೆ. ಮೂರಕ್ಕೇ ಮುಗಿಸಿ ಹೊರಬರಬಹುದೇ, ನಾಲ್ಕನೇ ವರ್ಷದ ಶುಲ್ಕ ಎಷ್ಟು, ಪ್ರತಿ ವರ್ಷ ಶುಲ್ಕ ಏರುತ್ತದೆಯೇ? ಉತ್ತರ ಲಿಖಿತವಾಗಿ ಸಿಕ್ಕಿದರೆ ಒಳ್ಳೆಯದು.

ಮೇಷ್ಟ್ರುಗಳ ಬಗ್ಗೆ ತಿಳಿಯಲು ನ್ಯಾಕ್‌ಗೆ ಕಾಲೇಜು ಸಲ್ಲಿಸಿದ ಸ್ವಯಂ ಅಧ್ಯಯನ ವರದಿಯನ್ನು ಓದಿ. ಅದೂ ಕಾಲೇಜಿನ ಜಾಲತಾಣದಲ್ಲೇ ಇರುತ್ತದೆ. ಗ್ರೇಡಿಗಿಂತ ಅದರೊಳಗಿನ ವಿವರ ಹೆಚ್ಚು ಉಪಯುಕ್ತ: ಪೂರ್ಣಾವಧಿ ಅಧ್ಯಾಪಕರು ಎಷ್ಟು, ಎಷ್ಟು ವರ್ಷದಿಂದ ಇದ್ದಾರೆ. ವರ್ಷಕ್ಕೊಮ್ಮೆ ಅರ್ಧದಷ್ಟು ಅಧ್ಯಾಪಕರು ಬದಲಾಗುವ ವಿಭಾಗದಲ್ಲಿ ಹವಾನಿಯಂತ್ರಿತ ತರಗತಿ ಇದ್ದು ಏನು ಬಂತು? ವಿದ್ಯಾರ್ಥಿವೇತನ ನಂಬಿಕೊಂಡಿರುವವರು ಆ ಕಾಲೇಜು ಮತ್ತು ಕೋರ್ಸು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಕಾಣುತ್ತದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ನೋಡಬೇಕು.

ಆಗಲೇ ಕಟ್ಟಿಬಿಟ್ಟಿದ್ದರೆ?

‘ಇವತ್ತೇ ಕಟ್ಟದಿದ್ದರೆ ಸೀಟು ಹೋಗುತ್ತದೆ, ಕಟ್ಟಿದ್ದು ವಾಪಸ್ ಬರುವುದಿಲ್ಲ’ ಎಂಬ ಮಾತಿಗೆ ಹೆದರಿ ಸೇರಿದವರು ಬಹಳ ಮಂದಿ. ಎರಡನೆಯ ಮಾತು ತಪ್ಪು. ಯುಜಿಸಿಯ 2018ರ ಸುತ್ತೋಲೆಯ ಪ್ರಕಾರ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಸೀಟು ಬಿಟ್ಟರೆ ಇಡೀ ಶುಲ್ಕ ಮರಳಬೇಕು. ಸಂಸ್ಕರಣಾ ವೆಚ್ಚವೆಂದು ಶೇ 5ರಷ್ಟು, ಗರಿಷ್ಠ ₹5,000 ಮಾತ್ರ ಹಿಡಿಯಬಹುದು. ತಡವಾದಷ್ಟೂ ಮರಳುವ ಮೊತ್ತ ಶೇ 90, 80, 50 ಎಂದು ಇಳಿಯುತ್ತದೆ. ಕೊನೆಯ ದಿನಾಂಕ ದಾಟಿ 30 ದಿನ ಕಳೆದ ಮೇಲೆ ಏನೂ ಇಲ್ಲ. 2024-25ನೇ ಸಾಲಿಗೆ ಇನ್ನೂ ಉದಾರವಾಗಿ, ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಹಣ, ಅಕ್ಟೋಬರ್ 31ರವರೆಗೆ ₹1,000ಕ್ಕಿಂತ ಹೆಚ್ಚು ಕಡಿತ ಮಾಡುವಂತಿಲ್ಲ ಎಂದು ಯುಜಿಸಿ ಹೇಳಿತ್ತು. ನೀವು ಸೇರುವ ವರ್ಷದ ದಿನಾಂಕಗಳನ್ನು ಯುಜಿಸಿ ಜಾಲತಾಣದಲ್ಲೇ ನೋಡಿಕೊಳ್ಳಿ.

ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರಗಳನ್ನು ಕಾಲೇಜು ತನ್ನ ಬಳಿ ಹಿಡಿದಿಟ್ಟುಕೊಳ್ಳುವಂತಿಲ್ಲ. ಪರಿಶೀಲಿಸಿ, ದೃಢೀಕರಿಸಿದ ಪ್ರತಿ ಇಟ್ಟುಕೊಂಡು ಮೂಲವನ್ನು ಕೂಡಲೇ ವಾಪಸ್ ಕೊಡಬೇಕು. ಕೊಡದಿದ್ದರೆ ಮೊದಲು ಕಾಲೇಜಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಮೇಲೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಶುಲ್ಕದ ರಸೀದಿ ಮತ್ತು ಕೈಪಿಡಿಯ ಶುಲ್ಕ ಪುಟದ ಫೋಟೊ ಜೊತೆಗಿರಲಿ.